ಜೇಬಿನಲ್ಲೊಂದು ಜೆಲ್ ಟ್ಯೂಬ್

ದಕ್ಷಿಣ ಕೊರಿಯಾದ ಚಿಪ್ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಸಿಲಿಕಾನ್ ಬಿಲ್ಲೆ ತೊಳೆಯಲು ಇಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಬೇಕೇ ಬೇಕು. ಇದು ಗಾಜನ್ನೂ ತಿನ್ನುತ್ತದೆ, ಅದಕ್ಕೇ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಕೆಲಸಕ್ಕೆ ಮುಂಚೆ ಗ್ಲೌಸಿಗೆ ಗಾಳಿ ತುಂಬಿ, ಬಾಯಿ ಹಿಡಿದು ಅಮುಕಿ ನೋಡುತ್ತೇವೆ. ಸೂಜಿಮೊನೆಯಷ್ಟು ತೂತಿದ್ದರೂ ಅದು ಕಸಕ್ಕೆ. ಈ ಆ್ಯಸಿಡ್ ತಾಗಿದರೆ ಹಚ್ಚಿಕೊಳ್ಳಲು ಜೇಬಿನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು.

ಕಳೆದ ರಜೆಯಲ್ಲಿ ಪೀಣ್ಯದ ಗೆಳೆಯನ ಸ್ಟೀಲ್ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋಗಿದ್ದೆ. ವೆಲ್ಡಿಂಗ್ ಕಲೆ ತೆಗೆಯಲು ಹುಡುಗನೊಬ್ಬ ಬ್ರಷ್ಷಿನಿಂದ ಪಿಕ್ಲಿಂಗ್ ಪೇಸ್ಟ್ ಬಳಿಯುತ್ತಿದ್ದ. ಬರಿಗೈ, ಕಾಲಲ್ಲಿ ಹವಾಯಿ ಚಪ್ಪಲಿ. ಡಬ್ಬಿ ತಿರುಗಿಸಿ ಓದಿದೆ. ನೈಟ್ರಿಕ್ ಆ್ಯಸಿಡ್, ಜೊತೆಗೆ ಅದೇ ಹೈಡ್ರೋಫ್ಲೋರಿಕ್.

"ಕೈಗೆ ತಾಗಲ್ವೇನಪ್ಪಾ?" ಅಂದೆ.

"ತಾಗುತ್ತೆ ಅಣ್ಣ, ಆದ್ರೆ ಅಷ್ಟು ಉರಿಯಲ್ಲ" ಅಂದ.

ನನಗೆ ಭಯವಾಗಿದ್ದೇ ಆ ಮಾತಿಗೆ. ಬೇರೆ ಆ್ಯಸಿಡ್ ತಾಗಿದ ತಕ್ಷಣ ಸುಡುತ್ತದೆ, ನಾವು ಕೈ ಎಳೆದುಕೊಳ್ಳುತ್ತೇವೆ. ಇದು ತೆಳುವಾಗಿದ್ದರೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಚರ್ಮ ದಾಟಿ ಒಳಗಿಳಿದಿರುತ್ತದೆ. ರಾತ್ರಿ ಉಗುರಿನಡಿ ತಡೆಯಲಾಗದ ನೋವು. ಇದರಲ್ಲಿರುವ ಫ್ಲೋರೈಡ್ ಮೈಯ ಕ್ಯಾಲ್ಸಿಯಂ ಹಿಡಿದು ಕಟ್ಟಿಬಿಡುತ್ತದೆ. ಗಟ್ಟಿ ಆ್ಯಸಿಡ್ ಅಂಗೈಯಗಲ ಜಾಗಕ್ಕೆ ಬಿದ್ದರೂ ಹೃದಯದ ಬಡಿತ ತಪ್ಪಬಹುದು.

ಶೆಡ್ಡಿನ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಇದ್ದದ್ದು ಸುಟ್ಟಗಾಯದ ಹಳದಿ ಮುಲಾಮು ಮಾತ್ರ. ಇದಕ್ಕೆ ಅದು ಉಪಯೋಗವಿಲ್ಲ. ಅರಿಶಿನ, ಟೂತ್‌ಪೇಸ್ಟ್ ಕೂಡ ಬೇಡ. ಬಟ್ಟೆ, ಉಂಗುರ, ವಾಚ್ ತಕ್ಷಣ ಬಿಚ್ಚಬೇಕು. ಹರಿಯುವ ನೀರಿನಲ್ಲಿ ತೊಳೆಯಬೇಕು. ಜೆಲ್ ಇದ್ದರೆ ಐದು ನಿಮಿಷ ತೊಳೆದು ಹಚ್ಚಲು ಶುರು ಮಾಡಿ. ಇಲ್ಲದಿದ್ದರೆ ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇರಿ. ಕಣ್ಣಿಗೆ ಬಿದ್ದರೆ ನೀರು ಮಾತ್ರ, ಜೆಲ್ ಬೇಡ. ಸಹಾಯಕ್ಕೆ ಬಂದವರೂ ಗ್ಲೌಸ್ ಹಾಕಿರಬೇಕು. ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. "ಆ್ಯಸಿಡ್ ಬಿತ್ತು" ಅಂದರೆ ಸಾಲದು, ಹೆಸರು ಹೇಳಬೇಕು. ಡಬ್ಬಿಯ ಲೇಬಲ್ ಫೋಟೊ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಕೊರಿಯಾದವರು ಹುಟ್ಟಿನಿಂದಲೇ ಜಾಗ್ರತೆಯವರು ಅಂತ ನಾನು ಹೇಳುತ್ತಿಲ್ಲ. 2012ರ ಸೆಪ್ಟೆಂಬರ್ 27ರಂದು ಗುಮಿ ಊರಿನಲ್ಲಿ ಟ್ಯಾಂಕರಿನಿಂದ ಇದೇ ರಾಸಾಯನಿಕ ಇಳಿಸುವಾಗ ಸುಮಾರು 8 ಟನ್ ಸೋರಿತು. ನೀರು ಬೆರೆಸದಿದ್ದರೆ ಅದು ಸುಮಾರು 20 ಡಿಗ್ರಿಗೇ ಕುದಿಯುವಂಥದ್ದು, ಬಿಳಿ ಮೋಡವಾಗಿ ಎದ್ದಿತು. ಐವರು ಸತ್ತರು. ಅವರ ಮೈಮೇಲೆ ರಕ್ಷಣೆಯ ಉಡುಪಿರಲಿಲ್ಲ. ಜಾಗ ಬಿಟ್ಟಿದ್ದ ಹಳ್ಳಿಯವರನ್ನು ಮರುದಿನವೇ ವಾಪಸು ಕರೆತಂದರು. ಬೆಳೆ ಒಣಗಿತ್ತು, ದನಗಳಿಗೆ ಕಾಯಿಲೆ ಬಂತು, ಜನ ಮತ್ತೆ ಮನೆ ಬಿಡಬೇಕಾಯಿತು. ಆಮೇಲೆ 2015ರಲ್ಲಿ ಬಿಗಿಯಾದ ರಾಸಾಯನಿಕ ಕಾನೂನು ಜಾರಿಗೆ ಬಂತು. ನನ್ನ ಜೇಬಿನ ಟ್ಯೂಬಿನ ಹಿಂದೆ ಆ ಐವರಿದ್ದಾರೆ ಅಂತಲೇ ನನಗೆ ಅನಿಸುತ್ತದೆ.

ನಮ್ಮಲ್ಲೂ ಕಾನೂನಿದೆ, ಡಬ್ಬಿಯ ಮೇಲೆ ಎಚ್ಚರಿಕೆಯೂ ಇದೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಬಳಿಯುವ ಹುಡುಗ ಓದಿದ್ದು ಕನ್ನಡ ಶಾಲೆಯಲ್ಲಿ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಇಲ್ಲಿ ಪ್ರತಿ ತೊಟ್ಟಿಯ ಮೇಲೂ ಕೊರಿಯನ್ ಭಾಷೆಯಲ್ಲೇ ದೊಡ್ಡದಾಗಿ ಬರೆದಿರುತ್ತಾರೆ. ಅವತ್ತು ಸಂಜೆ ಮೇಲಿನ ಮಾತುಗಳನ್ನೇ ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆ.

ಹೋದ ವಾರ ಗೆಳೆಯ ಫೋಟೊ ಕಳಿಸಿದ್ದ. ರಟ್ಟಿನ ಕೆಳಗೇ ಉದ್ದ ಪೈಪಿನ ನಲ್ಲಿ ಹಾಕಿಸಿದ್ದಾನೆ. ಹುಡುಗನಿಗೆ ಗ್ಲೌಸ್ ಬಂದಿದೆ. ಜೆಲ್ ಇನ್ನೂ ಸಿಕ್ಕಿಲ್ಲವಂತೆ.