ಗೋಲು ಹೊಡೆದವರ ಪಟ್ಟಿಗೆ ‘ಶ್ರೇಷ್ಠ ಹತ್ತು’ ಅಂತ ಹೆಸರಿಡಬೇಡಿ

ಬೆಳಿಗ್ಗೆಯಿಂದ ಒಂದೇ ಪಟ್ಟಿ ಎಲ್ಲರ ಗೋಡೆ ಮೇಲೂ ಓಡಾಡುತ್ತಿದೆ. ‘ಜಗತ್ತಿನ ಹತ್ತು ಶ್ರೇಷ್ಠ ಹಾಕಿ ಆಟಗಾರರು.’ ಹಾಕಿ ಅಂದರೆ ನಾನು ಸುಮ್ಮನಿರುವುದಿಲ್ಲ ಅಂತ ಗೊತ್ತಿರುವವರೆಲ್ಲ ನನ್ನನ್ನು ಟ್ಯಾಗ್ ಮಾಡಿದ್ದಾರೆ. ನೋಡಿ ಸಿಟ್ಟು ಬಂತು. ಒಬ್ಬ ಗೋಲಿ (ಗೋಲ್‌ಕೀಪರ್), ಉಳಿದವರೆಲ್ಲ ಗೋಲು ಹೊಡೆಯುವವರು. ಅದರಲ್ಲೂ ಕೆಲವರು ಹಳೆ ಹೆಸರಿನ ಮೇಲೇ ನಿಂತಿದ್ದಾರೆ.

ಇಂಥ ಪಟ್ಟಿ ಮಾಡುವವರು ನೋಡುವುದು ಎರಡೇ. ಈಗ ಯಾರ ಹೆಸರು ಜಾಸ್ತಿ ಓಡುತ್ತಿದೆ, ಹಿಂದೆ ಯಾರ ಹೆಸರು ಓಡಿತ್ತು. ಈ ವರ್ಷ ಯಾರು ಹೇಗೆ ಆಡಿದರು ಅಂತ ಪೂರ್ತಿ ಪಂದ್ಯ ಕೂತು ನೋಡಿದವರು ಎಷ್ಟು ಜನ?

ಒಂದು ಪೆನಾಲ್ಟಿ ಕಾರ್ನರ್, ಅಂದರೆ ತಪ್ಪಿಗೆ ಶಿಕ್ಷೆಯಾಗಿ ಎದುರಾಳಿಗೆ ಸಿಗುವ ಗೋಲಿನ ಅವಕಾಶ, ನಿಧಾನವಾಗಿ ನೋಡಿ. ಗೋಲಿ ಸೇರಿ ಐದು ಜನ ತಮ್ಮ ಗೋಲಿನ ಗೆರೆಯ ಹಿಂದೆ ನಿಂತಿರುತ್ತಾರೆ. ಎದುರಾಳಿ ಚೆಂಡು ತಳ್ಳಿದ ಕ್ಷಣ ಅವರಲ್ಲೊಬ್ಬ ಫ್ಲಿಕ್ಕರ್‌ನತ್ತ, ಅಂದರೆ ಗೋಲಿಗೆ ಚೆಂಡು ಹೊಡೆಯಲು ನಿಂತವನತ್ತ, ನೇರ ನುಗ್ಗುತ್ತಾನೆ. ಫಸ್ಟ್ ರಷರ್ ಅನ್ನುವುದು ಇವನಿಗೇ. ಮುಖಕ್ಕೊಂದು ಮಾಸ್ಕ್, ಕೈಗೆ ಗ್ಲೌಸ್, ಮೊಣಕಾಲಿಗೆ ಗಾರ್ಡ್, ಹೆಚ್ಚುಕಡಿಮೆ ಅಷ್ಟೇ ರಕ್ಷಣೆ. ಚೆಂಡನ್ನು ಕೋಲಿನಿಂದ ಎಳೆದು ಬೀಸಿ ಎಸೆಯುವ ಡ್ರ್ಯಾಗ್ ಫ್ಲಿಕ್ ಗಂಟೆಗೆ 100 ಕಿ.ಮೀ. ದಾಟಿ ಬರುತ್ತದೆ. ಚೆಂಡು ಸುಮಾರು 160 ಗ್ರಾಂ ತೂಕದ ಗಟ್ಟಿ ಪ್ಲಾಸ್ಟಿಕ್. ಅದು ಬರುವ ದಾರಿಗೇ ಇವನು ಮೈಯೊಡ್ಡಿ ಓಡಬೇಕು. ಇವನು ಒಂದು ಕಡೆ ಮುಚ್ಚಿದರೆ ಗೋಲಿಗೆ ಇನ್ನೊಂದು ಕಡೆ ನೋಡಿಕೊಂಡರೆ ಸಾಕು. ಫ್ಲಿಕ್ಕರ್ ಕೋನ ಬದಲಿಸುತ್ತಾನೆ, ಚೆಂಡು ಹೊರಗೆ ಹೋಗುತ್ತದೆ. ಸ್ಕೋರ್ ಪಟ್ಟಿಯಲ್ಲಿ ಏನೂ ಬದಲಾಗುವುದಿಲ್ಲ. ಅದೇ ಅವನ ಗೆಲುವು, ಅದೇ ಕಾರಣಕ್ಕೆ ಅವನ ಹೆಸರು ಯಾವ ಪಟ್ಟಿಗೂ ಹತ್ತುವುದಿಲ್ಲ.

ನಮಗೆ ಈ ಕೆಲಸ ಮಾಡಿದವರು ಅಮಿತ್ ರೋಹಿದಾಸ್. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ ಅವರಿಗೆ ರೆಡ್ ಕಾರ್ಡ್ ಬಿತ್ತು. ಹತ್ತೇ ಜನ ಉಳಿದರೂ ನಮ್ಮವರು 1-1ಕ್ಕೆ ಕಟ್ಟಿಹಾಕಿ ಶೂಟೌಟ್‌ನಲ್ಲಿ ಗೆದ್ದರು. ಆ ಸಂಭ್ರಮ ಎಲ್ಲರಿಗೂ ನೆನಪಿದೆ. ಆ ರೆಡ್ ಕಾರ್ಡ್‌ನಿಂದಾಗಿ ಒಂದು ಪಂದ್ಯದ ನಿಷೇಧ ಬಿದ್ದು ಸೆಮಿಫೈನಲ್‌ಗೆ ರೋಹಿದಾಸ್ ಇರಲಿಲ್ಲ. ಜರ್ಮನಿ ಸಮ ಮಾಡಿದ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ. 2-3ಕ್ಕೆ ಸೋತೆವು. ಅವರು ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆ ಪಂದ್ಯ ನೋಡುತ್ತಾ ನನ್ನ ಕಣ್ಣು ಹುಡುಕುತ್ತಿದ್ದದ್ದು ಅವರನ್ನೇ.

ಪ್ಯಾರಿಸ್‌ನಲ್ಲಿ ನಮ್ಮ ನಾಯಕರಾಗಿದ್ದ ಫ್ಲಿಕ್ಕರ್ ಹರ್ಮನ್‌ಪ್ರೀತ್ ಸಿಂಗ್ ಮೇಲೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಪ್ಯಾರಿಸ್‌ನಲ್ಲಿ 10 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಕಂಚಿನ ಪಂದ್ಯದಲ್ಲಿ ಸ್ಪೇನ್ ವಿರುದ್ಧ ನಮ್ಮ ಎರಡೂ ಗೋಲು ಅವರದೇ. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಸಲ್ಲಬೇಕಿತ್ತು, ಸಂದಿತು. ನನ್ನ ಜಗಳ ಇರುವುದು ಗೋಲೊಂದೇ ಅಳತೆ ಅನ್ನುವವರ ಜೊತೆ.

2021ರದ್ದು ನೆನಪಿದೆ ಅಲ್ವಾ? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಮೇಲೆ ನಮಗೆ ಪದಕ ಬಂತು. ಅವತ್ತು ನಾನೂ ಅತ್ತಿದ್ದೇನೆ. ಆಮೇಲೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ವಾರ್ಷಿಕ ಪ್ರಶಸ್ತಿಗಳು ಬಂದವು. ಎಂಟಕ್ಕೆ ಎಂಟೂ ಭಾರತಕ್ಕೆ. ಚಿನ್ನ ಗೆದ್ದ ಬೆಲ್ಜಿಯಂಗೆ ಒಂದೂ ಇಲ್ಲ. ಅವರ ಅಲೆಕ್ಸಾಂಡರ್ ಹೆಂಡ್ರಿಕ್ಸ್ 14 ಗೋಲು ಹೊಡೆದಿದ್ದರು, ಸೆಮಿಫೈನಲ್‌ನಲ್ಲಿ ನಮ್ಮ ಮೇಲೇ ಮೂರು. ಫೈನಲ್ ಶೂಟೌಟ್‌ನಲ್ಲಿ ಗೋಲಿ ವಿನ್ಸೆಂಟ್ ವನಾಶ್ ಆಸ್ಟ್ರೇಲಿಯಾದವರನ್ನು ತಡೆದು ಚಿನ್ನ ತಂದುಕೊಟ್ಟಿದ್ದರು. ಬೆಲ್ಜಿಯಂ ಬಹಿರಂಗವಾಗಿಯೇ ಬೇಸರ ಹೇಳಿಕೊಂಡಿತು. ಆಗ ಅರ್ಧ ಮತ ದೇಶಗಳ ಸಂಸ್ಥೆಗಳದ್ದು, ಕಾಲು ಭಾಗ ಪತ್ರಕರ್ತರದ್ದು, ಇನ್ನು ಕಾಲು ಭಾಗ ಆಟಗಾರರು ಮತ್ತು ಅಭಿಮಾನಿಗಳದ್ದು. ನಮ್ಮ ದೇಶದಲ್ಲಿ ಅಭಿಮಾನಿಗಳಿಗೆ ಬರವೇ? ಅವತ್ತಿನ ನಮ್ಮ ಗೋಲಿ ಶ್ರೀಜೇಶ್ ಅಂದರೆ ನನಗೆ ಪ್ರಾಣ. ಆದರೂ ಎಂಟೂ ನಮಗೇ ಬಂದಾಗ ನನಗೆ ಕಸಿವಿಸಿಯಾಯಿತು. ‘ನಮ್ಮವರಿಗೆ ಬಂದರೆ ನಿನಗೇನು ಹೊಟ್ಟೆಕಿಚ್ಚು’ ಅಂತ ಅವತ್ತು ಬೈದವರು ಇಲ್ಲೇ ಇದ್ದೀರಿ. ನನ್ನ ಮಾತು ಇವತ್ತೂ ಬದಲಾಗಿಲ್ಲ. ಜರ್ಮನಿ ವಿರುದ್ಧ ಶ್ರೀಜೇಶ್ ಕೊನೆ ಗಳಿಗೆಯಲ್ಲಿ ತಡೆದ ಆ ಪೆನಾಲ್ಟಿ ಕಾರ್ನರ್ ಸಾಕು. ಅದಕ್ಕೆ ಮತಗಳ ಗುಡ್ಡೆ ಬೇಕಿಲ್ಲ.

ಇನ್ನು ‘ಹಳೆ ಸಾಧನೆಗೆ ಬೆಲೆ ಇಲ್ವಾ’ ಅನ್ನುವವರಿಗೆ. ಇದೆ. ಅರ್ಜೆಂಟೀನಾದ ಲೂಸಿಯಾನಾ ಐಮಾರ್ ಎಂಟು ಸಲ ವರ್ಷದ ಶ್ರೇಷ್ಠ ಆಟಗಾರ್ತಿಯಾದರು. ಮೊದಲನೆಯದು 2001ರಲ್ಲಿ, ಕೊನೆಯದು 2013ರಲ್ಲಿ. ನಡುವೆ 2011, 2012ರಲ್ಲಿ ಅವರಿಗೆ ಸಿಗಲಿಲ್ಲ. ಅಷ್ಟು ದೊಡ್ಡ ಹೆಸರಿದ್ದೂ ಸಿಗಲಿಲ್ಲ! ಎಂಟು ಬಂದ ಮೇಲೆ ಒಂಬತ್ತನೆಯದು ಹಕ್ಕಾಗುವುದಿಲ್ಲ. ತಂಡಗಳ ರ‍್ಯಾಂಕಿಂಗ್ ನೋಡಿ, 2020ರಿಂದ ಪ್ರತಿ ಪಂದ್ಯಕ್ಕೂ ಅಂಕ ಏರಿಳಿಯುತ್ತದೆ. ಸೋತರೆ ಕಳೆದುಕೊಳ್ಳುತ್ತೀರಿ, ಹೆಸರು ಕೇಳುವವರಿಲ್ಲ. ಆಟಗಾರರ ವಿಷಯ ಬಂದಾಗ ಮಾತ್ರ ಯಾಕೆ ಬರೀ ಬಾಯಿಮಾತು?

ಸಾರ್ವಕಾಲಿಕ ಪಟ್ಟಿಗಳಲ್ಲೂ ಇದೇ ಕಥೆ. ಧ್ಯಾನ್‌ಚಂದ್ ಅಂದ ಕೂಡಲೇ ಕೋಲಿಗೆ ಅಂಟು ಹಚ್ಚಿದ್ದರಂತೆ ಅನ್ನುವ ಪುರಾಣ ಶುರು. ಮೂರು ಒಲಿಂಪಿಕ್ ಚಿನ್ನ ಗೆದ್ದವರಿಗೆ ಅಂಟಿನ ಕಥೆ ಯಾಕೆ ಬೇಕು? 1932ರಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದಾಗ ಹೆಚ್ಚು ಗೋಲು ಹೊಡೆದದ್ದು ತಮ್ಮ ರೂಪ್ ಸಿಂಗ್, 10. ಧ್ಯಾನ್‌ಚಂದ್ ಅವರದ್ದು 8. ರೂಪ್ ಸಿಂಗ್ ಹೆಸರು ಎಷ್ಟು ಪಟ್ಟಿಗಳಲ್ಲಿ ನೋಡಿದ್ದೀರಿ? ಗೋಲು ಹೊಡೆದವರ ಗತಿಯೇ ಇದಾದರೆ ಮುನ್ಪಡೆ, ಹಿಂಪಡೆಗಳ ನಡುವೆ ಆಡುವ ಹಾಫ್ ಬ್ಯಾಕ್‌ಗಳನ್ನು ಕೇಳುವವರು ಯಾರು? ಲೆಸ್ಲಿ ಕ್ಲಾಡಿಯಸ್ ರೈಟ್ ಹಾಫ್. 1948, 1952, 1956ರ ಒಲಿಂಪಿಕ್ಸ್‌ನಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದವರು, 1988ರಲ್ಲಿ ನಾಯಕರು. ಕರ್ನಾಟಕದವರೇ ಮಾಡಿದ ಪಟ್ಟಿಯಲ್ಲೂ ಅವರಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನನ್ನ ಪಟ್ಟಿ ಕೇಳಿದ್ದೀರಿ. ಬರೆಯುತ್ತೇನೆ. ಮೊದಲ ಹೆಸರು ಕ್ಲಾಡಿಯಸ್, ಧ್ಯಾನ್‌ಚಂದ್ ಎರಡನೆಯವರು, ರೋಹಿದಾಸ್ ಹತ್ತರೊಳಗೆ ಇದ್ದೇ ಇರುತ್ತಾರೆ. ಜಗಳಕ್ಕೆ ಬರುವವರು ಬನ್ನಿ, ಆದರೆ ಪ್ಯಾರಿಸ್‌ನ ಕ್ವಾರ್ಟರ್ ಫೈನಲ್, ಸೆಮಿಫೈನಲ್ ಎರಡನ್ನೂ ಪೂರ್ತಿ ನೋಡಿಕೊಂಡು ಬನ್ನಿ. ಬರೀ ಗೋಲಿನ ತುಣುಕು ನೋಡಿ ಬಂದವರಿಗೆ ನಾನು ಉತ್ತರ ಕೊಡುವುದಿಲ್ಲ.