ಐದನೇ ಸೀಸನ್ ಎಲ್ಲಿ?

ಲುಚಾ ಅಂಡರ್‌ಗ್ರೌಂಡ್ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2014ರಲ್ಲಿ ಶುರುವಾದ ಅಮೆರಿಕದ ಟಿವಿ ಕುಸ್ತಿ ಶೋ. ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್‌ನಲ್ಲಿ ರಿಂಗ್ ಹಾಕಿ, ಕುಸ್ತಿಯನ್ನು ಧಾರಾವಾಹಿ ಥರ ತೋರಿಸಿದರು. ಫೀನಿಕ್ಸ್ ಮತ್ತು ಮಿಲ್ ಮುಯೆರ್ಟೆಸ್ ಎಂಬ ಕುಸ್ತಿಪಟುಗಳು ಆಡಿದ ಶವಪೆಟ್ಟಿಗೆ ಪಂದ್ಯ (ಎದುರಾಳಿಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದವನೇ ಗೆದ್ದಂತೆ) ನೋಡಿದ್ದೀರಾ? ಹರಿದ ಮುಖವಾಡ, ಸುರಿಯುವ ರಕ್ತ, ಆದರೂ ಫೀನಿಕ್ಸ್ ಬಿಡಲಿಲ್ಲ. ದೊಡ್ಡ ಕಂಪನಿಗಳ ಎಷ್ಟೋ ಪಂದ್ಯಗಳಿಗಿಂತ ಅದು ಮೇಲು.

ಆದರೆ 2018ರಲ್ಲಿ ಏನು ಮಾಡಿದರು? ಕೊನೆಯ ಸಂಚಿಕೆಯಲ್ಲಿ ಕುಸ್ತಿಪಟು ಪೆಂಟಗಾನ್ ಡಾರ್ಕ್ ಚಾಂಪಿಯನ್ ಬೆಲ್ಟ್ ಗೆದ್ದು ಏದುಸಿರು ಬಿಡುತ್ತಿರುವಾಗಲೇ ಇನ್ನೊಬ್ಬ ಕುಸ್ತಿಪಟು ಜೇಕ್ ಸ್ಟ್ರಾಂಗ್ ಬಂದು, ಅವನನ್ನು ಸೋಲಿಸಿ ಅದನ್ನು ಕಿತ್ತುಕೊಂಡ. ಅಷ್ಟೇ! ಐದನೇ ಸೀಸನ್ ಬರಲೇ ಇಲ್ಲ. ನಾಲ್ಕು ಸೀಸನ್ ಕಾದು ಕೂತ ನಾವು ಯಾರನ್ನು ಕೇಳಬೇಕು? ಮುಗಿಸೋಕೆ ಒಂದೇ ಒಂದು ಸಂಚಿಕೆಯನ್ನಾದರೂ ಕೊಡಬೇಕಿತ್ತು, ಅಲ್ವಾ?