ಬಣ್ಣ ಚೆಂದ ಐತ್ರಿ, ತಳ ತೋರಸ್ರಿ

ಹುಬ್ಬಳ್ಳಿಯಲ್ಲಿ ಮಾರಿಸ್ ಮೈನರ್ ಅನ್ನುವ ಹಳೆ ಬ್ರಿಟಿಷ್ ಕಾರು ಒಂದು ಮಾರಾಟಕ್ಕೆ ಬಂದಿದೆ. 1955ರ ಮಾಡೆಲ್, ಹುಡ್ ಮಡಚಿ ಹಿಂದೆ ಹಾಕುವ ಟೂರರ್. ಕೆನೆ ಬಣ್ಣ, ಕೆಂಪು ಸೀಟು, ಕ್ರೋಮ್ ಎಲ್ಲಾ ಫಳಫಳ. ಈ ವಾರ ಅದರ ಫೋಟೋ ಬರದ ವಾಟ್ಸಾಪ್ ಗ್ರೂಪೇ ಇಲ್ಲ. ಉಣಕಲ್ ಕೆರೆ ಹತ್ತಿರ ಸಂಜೆ ಬಿಸಿಲಿನಲ್ಲಿ ನಿಲ್ಲಿಸಿ ತೆಗೆಸಿದ್ದಾರೆ. ಜೊತೆಗೆ ಎರಡು ಸಾಲು: "ಧಾರವಾಡದ ಒಂದೇ ಮನೆತನದ ಕಾರು. ಫುಲ್ ರಿಸ್ಟೋರ್ ಆಗಿದೆ, ಒಂದು ರೂಪಾಯಿ ಕೆಲಸ ಇಲ್ಲ."

ಬೆಲೆ ನೋಡಿ ಬಹಳ ಜನ ನಗುತ್ತಿದ್ದಾರೆ. "ಈ ರೊಕ್ಕಕ್ಕ ಹೊಸಾ ಕ್ರೆಟಾ ಬರ್ತದಲ್ರೀ, ಏಸಿನೂ ಇರ್ತದ" ಅಂತ. ಇರಲಿ. ಹಳೆ ಕಾರನ್ನು ನಿಜವಾಗಿ ಎಬ್ಬಿಸಿ ನಿಲ್ಲಿಸಿದವರಿಗೆ ಹಾಕಿದ ದುಡ್ಡು ವಾಪಸ್ ಬರುವುದೇ ಕಷ್ಟ. ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ಇಷ್ಟೆಲ್ಲಾ ಫೋಟೋ ಹಾಕಿದವರು ಕಾರಿನ ತಳದ್ದು ಒಂದೂ ಹಾಕಿಲ್ಲ, ಅದೇ ನನ್ನ ತಕರಾರು.

ನಮ್ಮದು ಸೀಟ್ ಕವರ್, ಹುಡ್ ಹೊಲಿಯುವ ಅಂಗಡಿ. ಅಪ್ಪನ ಕಾಲದ್ದು. ಜೀಪಿನ ಹುಡ್ ಹೊಲಿದು ಹೊಲಿದು ಕೈ ಕೂತಿದೆ. ಜೀಪಿಗೆ ಮೇಲಿನ ಹುಡ್ ಅಂದರೆ ಬರೀ ನೆರಳು. ಕೆಳಗೆ ಗಟ್ಟಿ ಚಾಸಿ, ಅಂದರೆ ಭಾರ ಹೊರುವ ಕಬ್ಬಿಣದ ಚೌಕಟ್ಟು ಇರುತ್ತದೆ, ಹುಡ್ ಇದ್ದರೂ ಅಷ್ಟೇ, ತೆಗೆದರೂ ಅಷ್ಟೇ. ಮೈನರ್ ಹಾಗಲ್ಲ. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರಬೇಕು. ಅದರಲ್ಲಿ ತಗಡಿನ ರೂಫ್‌ಗೂ ಪಾಲಿದೆ. ಹಾಗಾಗಿ ಕಂಪನಿಯವರು ಟೂರರ್ ಮಾಡುವಾಗ ಬಾಗಿಲ ಕೆಳಗಿನ ಉದ್ದ ಪಟ್ಟಿಗೆ, ಬಾಗಿಲ ಕಂಬಗಳಿಗೆ, ಡ್ಯಾಶ್‌ಬೋರ್ಡ್ ಕೆಳಗೆ ಹೆಚ್ಚುವರಿ ಪ್ಲೇಟ್ ಕೊಟ್ಟು ಬಾಡಿಯನ್ನು ಬಿಗಿ ಮಾಡಿದ್ದರು.

ಈಗ ಯಾರೋ ಒಬ್ಬರು ಎರಡು ಬಾಗಿಲಿನ ಸಾದಾ ಮೈನರ್ ತಂದು, ಗ್ರೈಂಡರ್ ಹಿಡಿದು ರೂಫ್ ಕತ್ತರಿಸಿ, ನನ್ನಂಥವನ ಹತ್ತಿರ ಒಂದು ಹುಡ್ ಹೊಲಿಸಿ, ಬಣ್ಣ ಹೊಡೆಸಿದರು ಅಂದುಕೊಳ್ಳಿ. ಫೋಟೋದಲ್ಲಿ ಅದೂ ಟೂರರ್, ಇದೂ ಟೂರರ್. ನಮ್ಮ ಗುಂಡಿ ರಸ್ತೆಯಲ್ಲಿ ಒಂದು ವರ್ಷ ಓಡಿಸಿದ ಮೇಲೆ ಗೊತ್ತಾಗುತ್ತದೆ. ನಡು ಬಗ್ಗಿ, ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ.

ನಮ್ಮ ಅಂಗಡಿ ಪಕ್ಕದ ಟಿಂಕರ್ ಮಾಮಾ ಇದಕ್ಕೆ ಒಂದು ಪರೀಕ್ಷೆ ಹೇಳುತ್ತಾರೆ: "ಮ್ಯಾಲಿಂದ ಏನ್ ನೋಡ್ತೀರಿ ಸಾಹೇಬ್ರ, ಬಾಜೂಕ ಜಾಕ್ ಕೊಟ್ಟು ಎತ್ರಿ. ಎತ್ತಿದ ಮ್ಯಾಲ ಬಾಗಿಲಾ ತಗದು ಹಾಕ್ರಿ." ಗಟ್ಟಿ ಬಾಡಿಯಾದರೆ ಬಾಗಿಲು ಮೊದಲಿನ ಹಾಗೇ ಟಕ್ ಅಂತ ಕೂರುತ್ತದೆ. ಸೋತ ಬಾಡಿಯಾದರೆ ಲಾಕ್ ಕಂಬಕ್ಕೆ ಬಡಿಯುತ್ತದೆ, ಎತ್ತಿ ನೂಕಿದರೂ ಕೂರುವುದಿಲ್ಲ. ಆಮೇಲೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ತಗೊಂಡು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಅದು ಎಲ್ಲಿ ಹಿಡಿಯುವುದು ಬಿಡುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮಾಮಾ ಸ್ವತಃ ಕಿಲೋಗಟ್ಟಲೆ ಪುಟ್ಟಿ ತುಂಬಿದವರೇ, ಹಾಗಾಗಿ ಎಲ್ಲಿ ಹುಡುಕಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು!

ಇನ್ನೊಂದು ಜಾಗ ಬಾನೆಟ್. ಮೈನರ್ ಬಾನೆಟ್ ನಡುವೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಇದೆ, ಗಮನಿಸಿದ್ದೀರಾ? ಈ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್‌ಗೆ ಮೊದಲ ಮಾದರಿ ತೀರಾ ಇಕ್ಕಟ್ಟಾಗಿ ಕಂಡಿತು. ಅದನ್ನು ನಡುವೆ ಸೀಳಿಸಿ, ಎರಡು ಹೋಳನ್ನು ದೂರ ಸರಿಸುತ್ತಾ ಹೋಗಿ, 4 ಇಂಚಿಗೆ ಬಂದಾಗ ಸಾಕು ಅಂದರು. ಆ ಗುರುತು ಬಾನೆಟ್ ಮೇಲೆ ಹಾಗೇ ಉಳಿಯಿತು. 1948ರಲ್ಲಿ ಕಾರು ಬಿಡುಗಡೆಯಾಯಿತು. ಮಾರಾಟ ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನೇ ಬೇಬಿ ಹಿಂದುಸ್ತಾನ್ ಅಂತ ಮಾರಿತು. ಈ ಮಾರಾಟದ ಕಾರಿನ ಫೋಟೋದಲ್ಲಿ ಆ ಪಟ್ಟಿಯ ಗೆರೆ ಅರ್ಧಕ್ಕೆ ಮಾಸಿದೆ. ಬೆಳಕಿನ ಆಟವೋ, ಪುಟ್ಟಿಯ ಆಟವೋ, ಹತ್ತಿರದಿಂದ ಬಾನೆಟ್ ತೋರಿಸಿದರೆ ಮುಗೀತು.

ಎರಡು ತುಂಡಿನ ಮುಂದಿನ ಗಾಜು ಇದೆ, ಅದು ಸರಿ. 1956ರಲ್ಲಿ ಅದು ಹೋಗಿ ಒಂದೇ ಗಾಜು ಬಂತು. ಸೀಟಿನ ಹೊಲಿಗೆ ಚೆಂದ ಇದೆ, ಯಾರು ಮಾಡಿದ್ದೋ, ಕೈಗೆ ನಮಸ್ಕಾರ. ಹುಡ್ ಮಾತ್ರ ಎಲ್ಲಾ ಫೋಟೋದಲ್ಲೂ ಮಡಚಿಯೇ ಇದೆ. ಏರಿಸಿ ತೋರಿಸಿ ಸ್ವಾಮಿ! ಫ್ರೇಮ್ ಸರಿಯಾಗಿ ಕೂರದಿದ್ದರೆ ಮುಂದಿನ ಗಾಜಿನ ಮೇಲೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಸೀದಾ ತೊಡೆ ಮೇಲೆ. ಬೇಸಿಗೆಯಲ್ಲಿ ಹುಬ್ಬಳ್ಳಿ ಧೂಳು.

ಇನ್ನು ಕಾಗದ. ಒಂದೇ ಮನೆತನದ ಕಾರು ಅಂತ ಬರೆದಿದ್ದಾರಲ್ಲ, 1955ರಲ್ಲಿ ಧಾರವಾಡ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾದರೆ ಮೊದಲ ನೋಂದಣಿ ಮುಂಬೈ ಕಡೆಯದೇ ಇರಬೇಕು ಅಲ್ವಾ? ಹಳೆಯ ಆರ್‌ಸಿ ಪುಸ್ತಕದ ಮೊದಲ ಪುಟ ತೋರಿಸಿದರೆ ಮನೆತನದ ಮಾತಿಗೆ ತೂಕ ಬರುತ್ತದೆ. ಕಾರ್ಖಾನೆಯವರು ಕಾರಿಗೆ ಹಾಕಿದ ಪ್ಲೇಟಿನ ಮೇಲಿರುವ ಚಾಸಿ ನಂಬರ್ ಕೋಡಿನಲ್ಲೇ ಬಾಡಿ ಯಾವ ಬಗೆಯದು ಅನ್ನುವುದೂ ಇರುತ್ತದೆ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಹಳೆ ದಾಖಲೆ ನೋಡಿ ಸರ್ಟಿಫಿಕೇಟ್ ಕೊಡುತ್ತದೆ. ಇಷ್ಟು ಖರ್ಚು ಮಾಡಿದವರಿಗೆ ಅದೇನು ಭಾರವಲ್ಲ.

ಇದೆಲ್ಲಾ ಸುಮ್ನೆ ಕೊಂಕು ಅಂದುಕೊಳ್ಳಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ದೊಡ್ಡ ಮಟ್ಟಿಗೆ ಬದಲಾಗಿರಬಾರದು. ಹಳೆ ನೋಂದಣಿ ಇದ್ದರೆ ಅದೇ ನಂಬರ್ ಉಳಿಸಿಕೊಳ್ಳಬಹುದು. ಹೊಸದಾಗಿ ಮಾಡಿಸಿದರೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ರೂಫ್ ಕತ್ತರಿಸಿದ ಕಾರನ್ನು ಮೂಲ ರೂಪ ಅಂತ ಯಾವ ಬಾಯಿಂದ ಹೇಳುತ್ತೀರಿ? ಅಲ್ಲಿಗೆ ದುಬಾರಿ ಬೆಲೆ ಕೊಟ್ಟವನ ಕೈಯಲ್ಲಿ ಕಾರು ಉಳಿಯುತ್ತದೆ, ವಿಂಟೇಜ್ ಅನ್ನುವ ಹೆಸರು ಉಳಿಯುವುದಿಲ್ಲ. ಇನ್ನೊಂದು, ವಿಂಟೇಜ್ ನೋಂದಣಿಯ ಕಾರನ್ನು ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ. ಮದುವೆ ಮೆರವಣಿಗೆಗೆ ಬಿಟ್ಟು ದುಡ್ಡು ಎತ್ತುತ್ತೇನೆ ಅಂತ ಲೆಕ್ಕ ಹಾಕಿರುವವರು ಇದನ್ನು ಮೊದಲು ಓದಿಕೊಳ್ಳಿ.

ಇಷ್ಟಾದ ಮೇಲೂ ಕೊಳ್ಳುವವರಿಗೆ ಎರಡು ಮಾತು. ಇದರ ಎಂಜಿನ್ 803 ಸಿಸಿ, 30 ಕುದುರೆ ಶಕ್ತಿ. ಬೈಪಾಸ್‌ನಲ್ಲಿ ಲಾರಿಯವರು ಹಿಂದಿನಿಂದ ಹಾರ್ನ್ ಹೊಡೆಯುತ್ತಲೇ ಇರುತ್ತಾರೆ, ಬೇಜಾರು ಮಾಡ್ಕೋಬೇಡಿ. ಬ್ಯಾಟರಿಯ ಪಾಸಿಟಿವ್ ತಂತಿ ಕಾರಿನ ತಗಡಿಗೆ ಹೋಗುತ್ತದೆ, ಇವತ್ತಿನ ಕಾರಿಗೆ ಪೂರಾ ಉಲ್ಟಾ. ಎಲೆಕ್ಟ್ರಿಷಿಯನ್ ಹುಡುಗನಿಗೆ ಕೈ ಹಾಕುವ ಮೊದಲೇ ಹೇಳಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು ತಡೆಯುವುದಿಲ್ಲ, ಎಲ್ಲಾ ಬದಲಾಗಿದೆಯಾ ಅಂತ ಕೇಳಿ.

ಮಾರುವವರು ಇದನ್ನು ಓದಿದರೆ ದಯವಿಟ್ಟು ತಳದ ಫೋಟೋ, ಬಣ್ಣ ಬಿಡಿಸಿದಾಗಿನ ಬರೀ ತಗಡಿನ ಫೋಟೋ, ಚಾಸಿ ಪ್ಲೇಟು, ಆರ್‌ಸಿಯ ಮೊದಲ ಪುಟ ಹಾಕಿ. ಅಸಲಿ ಟೂರರ್ ಆಗಿದ್ದರೆ ಚೌಕಾಸಿ ಮಾಡಬೇಡ್ರಿ ಅಂತ ನಾನೇ ಎಲ್ಲಾ ಗ್ರೂಪಿಗೂ ಹಾಕ್ತೀನಿ. ಕತ್ತರಿಸಿದ್ದಾದರೆ ಅದನ್ನೂ ಬರೆದು ಬೆಲೆ ಇಳಿಸಿ. ಚೆಂದ ಅಂತಲೇ ಕೊಳ್ಳುವವರೂ ಇದ್ದಾರೆ, ಅವರಿಗೆ ಗೊತ್ತಿದ್ದು ಕೊಳ್ಳಲಿ.